ನೀರಲ್ಲಿ ನೆನೆಸಿ ಹಾಕುವ ಜಾಕೆಟ್ ಪುಣೆ, ಮುಂಬೈ, ಗೋವಾ ಮೂರಕ್ಕೂ ನಡೆಯುತ್ತದೆಯೇ?

ಹಡಪ್ಸರ್ ಸರ್ವೇ
ಎಲ್ಲರಿಗೂ ನಮಸ್ಕಾರ. ರಸ್ತೆ ಅಳತೆ ಮಾಡುವ 12 ಜನರ ತಂಡಕ್ಕೆ ಮೈಮೇಲೆ ಹಾಕಿಕೊಳ್ಳುವ ತಂಪು ಸಾಮಾನು ಕೊಳ್ಳಬೇಕಾಗಿದೆ. ಏಪ್ರಿಲ್ ಪೂರ್ತಿ ಪುಣೆಯ ಹಡಪ್ಸರ್, ಲೋಣಿ ಕಾಳಭೋರ್ ಕಡೆ ಕೆಲಸ. ಮೇ ಮೊದಲ ಮೂರು ವಾರ ಮುಂಬೈಯ ವಡಾಳಾ. ಅಲ್ಲಿಂದ ಮಳೆ ಹಿಡಿಯುವವರೆಗೆ ಗೋವಾದ ವೆರ್ಣಾ. ಬೆಳಿಗ್ಗೆ 8ರಿಂದ ಸಂಜೆ 5, ನೆರಳು ಸಿಗುವುದು ಊಟದ ಹೊತ್ತಿಗೆ ಮಾತ್ರ. ತಲೆಗೆ 2,500 ರೂಪಾಯಿ ಮಂಜೂರಾಗಿದೆ. ನೀರಲ್ಲಿ ನೆನೆಸುವ ಜಾಕೆಟ್ಟನ್ನೇ ಹನ್ನೆರಡೂ ತಗೊಳ್ಳಿ, ಮೂರೂ ಊರಿಗೆ ಸಾಕು ಅಂತ ಅಂಗಡಿಯವರು ಹೇಳುತ್ತಾರೆ. ಕುತ್ತಿಗೆ ಫ್ಯಾನ್, ಫ್ಯಾನ್ ಜಾಕೆಟ್, ಐಸ್ ಜಾಕೆಟ್ ಅಂತ ಬೇರೆಯವೂ ಇವೆ. ಗೊತ್ತಿದ್ದವರು ಬಿಡಿಸಿ ಹೇಳಿ.

ಮಾಟುಂಗಾದವ
ವಡಾಳಾಕ್ಕೆ ನೆನೆಸುವ ಜಾಕೆಟ್ ಬೇಡ ಮಾರಾಯ್ರೆ. ಸಂಜೆವರೆಗೆ ಒದ್ದೆಯಾಗಿ ಮೈಗೆ ಅಂಟಿಕೊಂಡಿರುತ್ತದೆ, ಅಷ್ಟೆ.

ವಿಜಯಪುರದ ವಲ್ಲಿ
ಪುಣಾಕ್ಕ ಅದಕ್ಕಿಂತ ಛಲೋದು ಇನ್ನೊಂದಿಲ್ರೀ. ಏಪ್ರಿಲ್ ಮಧ್ಯಾಹ್ನ ಒಣ ಹವಾ ಇರ್ತದ, ಎರಡು ತಾಸಿನಾಗ ಪೂರ್ತಿ ಆರಿಬಿಡ್ತದ. ಆರೂದೇ ತಂಪು. ಜಾಕೆಟ್ ಇಲ್ಲದವ್ರು ತೆಳ್ಳನ ಹತ್ತಿ ವಲ್ಲಿ ತೊಯ್ಸಿ, ಹಿಂಡಿ, ಕುತ್ತಿಗಿಗೆ, ಹೆಗಲಿಗೆ ಹಾಕ್ಕೊಂಡ್ರೂ ಅದೇ ಕೆಲಸ ಆಗ್ತದ. ತಾಸಿಗೊಮ್ಮೆ ತೊಯ್ಸಬೇಕು ಅಷ್ಟೇ. ದಪ್ಪ ಟರ್ಕಿ ಟಾವೆಲ್ ಮಾತ್ರ ಬ್ಯಾಡ. ನೀರು ಹಿಡಕೊಂಡು ಭಾರ ಆಗ್ತದ, ಮೈಗೆ ಹತ್ತಿದ ಬಾಜೂಕ್ಕ ಗಾಳಿ ಹೋಗಂಗಿಲ್ಲ.

ಥರ್ಮಾಮೀಟರ್
ಇಬ್ಬರ ಮಾತೂ ಸರಿ. ಕಾರಣ ಒಂದೇ, ವೆಟ್ ಬಲ್ಬ್ ಉಷ್ಣತೆ. ಒದ್ದೆ ಬಟ್ಟೆಗೆ ಗಾಳಿ ಬೀಸಿದರೆ ಅದು ಎಲ್ಲಿಯವರೆಗೆ ತಣ್ಣಗಾಗಬಲ್ಲದು ಎಂಬುದರ ಗಡಿ ಅದು. ಅದರ ಕೆಳಗೆ ನೆನೆಸುವ ಯಾವ ಜಾಕೆಟ್ಟೂ ಇಳಿಯುವುದಿಲ್ಲ, ಎಷ್ಟೇ ದುಡ್ಡು ಕೊಟ್ಟಿರಲಿ.

ಪುಣೆಯಲ್ಲಿ ಮಧ್ಯಾಹ್ನ 38 ಡಿಗ್ರಿ, ತೇವಾಂಶ ಶೇ. 20 ಎಂದಿಟ್ಟುಕೊಳ್ಳಿ. ವೆಟ್ ಬಲ್ಬ್ ಸುಮಾರು 21 ಡಿಗ್ರಿ. ಮುಂಬೈಯಲ್ಲಿ 33 ಡಿಗ್ರಿ, ತೇವಾಂಶ ಶೇ. 70 ಇದ್ದರೆ ವೆಟ್ ಬಲ್ಬ್ 28ರ ಮೇಲೆ. ಮೊದಲನೆಯದರಲ್ಲಿ 17 ಡಿಗ್ರಿ ಇಳಿಯಲು ಜಾಗವಿದೆ, ಎರಡನೆಯದರಲ್ಲಿ 5 ಕೂಡ ಇಲ್ಲ. ಗೋವಾದ ಮೇ ತಿಂಗಳು ಮುಂಬೈಯ ಅಕ್ಕತಂಗಿ, ಬೇರೆ ಲೆಕ್ಕ ಬೇಡ.

ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಗುರುತು ಹೇಳಬೇಕೆಂದರೆ ಮಣ್ಣಿನ ಹೂಜಿ. ಹೂಜಿಯ ನೀರು ತಣ್ಣಗೆ ಕುಡಿಯುವ ಹಾಗೆ ಆಗುವ ದಿನ ನೆನೆಸುವ ಜಾಕೆಟ್ಟೂ ಕೆಲಸ ಮಾಡುತ್ತದೆ. ಹೂಜಿ ಹೊರಗೆ ಬೆವರಿ ಒಳಗೆ ನೀರು ಉಗುರುಬೆಚ್ಚಗೇ ಉಳಿಯುವ ದಿನ ಜಾಕೆಟ್ಟೂ ಅಷ್ಟೇ.

ಡೊಂಬಿವಲಿ ಹೊಲಿಗೆ
ಸೈಟಿನಲ್ಲಿ ಅಳೆಯುವುದು ಹೇಗೆ? ಎಲ್ಲರೂ ಮೊಬೈಲ್ ನೋಡಿ ತೇವಾಂಶ ಹೇಳುತ್ತಾರೆ. ಅದು ಊರಿನ ಹವಾಮಾನ ಕೇಂದ್ರದ್ದು, ಡಾಂಬರಿನ ಮೇಲಿನದಲ್ಲ.

ಥರ್ಮಾಮೀಟರ್
ಒಂದೇ ಬಗೆಯ ಎರಡು ಥರ್ಮಾಮೀಟರ್ ತನ್ನಿ. ಕೆಂಪು ದ್ರವದ್ದು ಇರಲಿ, ಪಾದರಸದ್ದು ಸೈಟಿಗೆ ಬೇಡ. ಮೊದಲು ಎರಡನ್ನೂ ಒಂದೇ ಲೋಟ ನೀರಲ್ಲಿಟ್ಟು ಓದು ಒಂದೇ ಬರುತ್ತದೆಯೇ ನೋಡಿ. ಬಂದರೆ ಒಂದರ ಬುಡಕ್ಕೆ ದೇವರ ದೀಪದ ಹತ್ತಿ ಬತ್ತಿಯನ್ನು ಎರಡು ಸುತ್ತು ಸುತ್ತಿ ನೆನೆಸಿ. ನೆರಳಲ್ಲಿ ಎರಡನ್ನೂ ಪಕ್ಕಪಕ್ಕ ಹಿಡಿದು ರಟ್ಟಿನಲ್ಲಿ 4–5 ನಿಮಿಷ ಜೋರಾಗಿ ಗಾಳಿ ಬೀಸಿ. ಒದ್ದೆಯದು ಇಳಿಯುವುದು ನಿಂತ ಮೇಲೆ ವ್ಯತ್ಯಾಸ ಓದಿ.

10 ಡಿಗ್ರಿಗಿಂತ ಹೆಚ್ಚಿದ್ದರೆ ನೆನೆಸುವ ಜಾಕೆಟ್ಟನ್ನು ಕಣ್ಣುಮುಚ್ಚಿ ಹಾಕಿ. 5ರ ಒಳಗಿದ್ದರೆ ಅದನ್ನು ಬಿಟ್ಟು ಫ್ಯಾನ್ ಅಥವಾ ಐಸಿನ ಕಡೆ ಹೋಗಿ. ನಡುವೆ ಇದ್ದರೆ ಒದ್ದೆ ಬನಿಯನ್ ಮತ್ತು ಫ್ಯಾನ್ ಸೇರಿಸಿ. ಬತ್ತಿಗೆ ಎಣ್ಣೆ ತಾಗಿರಬಾರದು, ಓದು ಕೆಡುತ್ತದೆ.

ತಳೋಜಾ ಸೇಫ್ಟಿ
ಹವಾಮಾನ ಇಲಾಖೆ ಕರಾವಳಿಯಲ್ಲಿ ಬಿಸಿಗಾಳಿ ಎಚ್ಚರಿಕೆ ಕೊಡಲು 37 ಡಿಗ್ರಿ ಮುಟ್ಟಿದ್ದರೆ ಸಾಕು, ಜೊತೆಗೆ ಮಾಮೂಲಿಗಿಂತ 4.5 ಡಿಗ್ರಿ ಹೆಚ್ಚಿರಬೇಕು. ಬಯಲು ಸೀಮೆಗಾದರೆ 40. ಕರಾವಳಿಯ 37ನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. 2023ರ ಏಪ್ರಿಲ್ 16ರಂದು ನವಿ ಮುಂಬೈಯ ಖಾರ್ಘರ್‌ನ ಬಯಲು ಸಮಾರಂಭದಲ್ಲಿ ಬಿಸಿಲಿಗೆ ಜನ ಸತ್ತರು. ಅವರು ಸಾಮಾನು ಹೊತ್ತವರಲ್ಲ, ಕೂತಿದ್ದವರು.

ಮಾಟುಂಗಾದವ
ಹಾಗಾದರೆ ಮುಂಬೈಯಲ್ಲಿ ಫ್ಯಾನ್ ಕೂಡ ಹಾಕಿ ಏನು ಪ್ರಯೋಜನ? ಅದೇ ಒದ್ದೆ ಗಾಳಿಯನ್ನಲ್ಲವಾ ಒಳಗೆ ತಳ್ಳುವುದು?

ಥರ್ಮಾಮೀಟರ್
ಇಲ್ಲೇ ಬಹಳ ಜನ ತಪ್ಪುವುದು. ಮುಂಬೈಯಲ್ಲಿ ಫ್ಯಾನ್ ಜಾಕೆಟ್ಟೇ ಮೊದಲ ಆಯ್ಕೆ.

ಬೆವರು ಆರುವುದು ಚರ್ಮದ ಮೇಲೆ, ಅಲ್ಲಿನ ಉಷ್ಣತೆ ಸುಮಾರು 35 ಡಿಗ್ರಿ. ಚರ್ಮಕ್ಕೆ ತಾಗಿದ ಗಾಳಿಯಲ್ಲಿ ಆವಿಯ ಒತ್ತಡ 5.6 ಕಿಲೋಪಾಸ್ಕಲ್, ಹೊರಗಿನ ಮುಂಬೈ ಗಾಳಿಯಲ್ಲಿ ಸುಮಾರು 3.5. ಬೆವರನ್ನು ಆರಿಸುವುದು ಈ ಅಂತರವೇ, ಅದು ಪುಣೆಯ ಸುಮಾರು ಅರ್ಧದಷ್ಟಿದೆ. ಆದರೆ ಅಂಗಿಯೊಳಗೆ ನಿಂತ ಗಾಳಿ ಆವಿಯಿಂದ ತುಂಬಿಕೊಂಡು ಆ ಅಂತರವನ್ನು ತಿಂದುಹಾಕುತ್ತದೆ. ಫ್ಯಾನ್ ಆ ನಿಂತ ಗಾಳಿಯನ್ನು ಹೊರಗೆ ದೂಡುತ್ತದೆ. ನೀರನ್ನು ಮೈಯೇ ಕೊಡುತ್ತಿದೆ, ಕೊರತೆ ಇರುವುದು ಗಾಳಿಗೆ. ನೆನೆಸುವ ಜಾಕೆಟ್ ನೀರು ಕೊಡುತ್ತದೆ, ಗಾಳಿಯನ್ನು ತಡೆಯುತ್ತದೆ. ಅಲ್ಲಿ ಅದು ಕೈಕೊಡುವುದು ಇದಕ್ಕೇ.

ಒಂದು ಗ್ರಾಂ ಬೆವರು ಆರುವಾಗ ಸುಮಾರು 2,400 ಜೂಲ್ ಶಾಖ ಒಯ್ಯುತ್ತದೆ. ನಿಮಿಷಕ್ಕೆ ಒಂದು ಗ್ರಾಂ ಎಂದರೆ 40 ವ್ಯಾಟ್. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ಏನನ್ನೂ ಒಯ್ಯುವುದಿಲ್ಲ.

ಪಿಂಪ್ರಿ ಬ್ಯಾಟರಿ
ಪುಣೆಗೆ ಇದರ ಉಲ್ಟಾ. ಗಾಳಿ 40 ದಾಟಿದರೆ ಒಣ ಮೈಮೇಲೆ ಫ್ಯಾನ್ ಬೀಸಿದರೆ ಶಾಖ ಒಳಕ್ಕೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ 40ರ ಮೇಲೆ ಬರೀ ಫ್ಯಾನ್ ನಂಬಬೇಡಿ ಎನ್ನುತ್ತದೆ. ಅಲ್ಲಿ ಫ್ಯಾನ್ ಜಾಕೆಟ್ ಹಾಕುವುದಾದರೆ ಒಳಗಿನ ಹತ್ತಿ ಬನಿಯನ್ ಒದ್ದೆ ಇರಲೇಬೇಕು, 40–50 ನಿಮಿಷಕ್ಕೊಮ್ಮೆ ನೀರು ಚಿಮುಕಿಸಬೇಕು.

ಹಡಪ್ಸರ್ ಸರ್ವೇ
ಫ್ಯಾನ್ ಜಾಕೆಟ್ ಕೊಳ್ಳುವಾಗ ಏನು ನೋಡಬೇಕು? ಮೊದಲು ಬಂದದ್ದು ಜಪಾನಿನಲ್ಲಿ ಅಂತ ಕೇಳಿದ್ದೇನೆ.

ಪಿಂಪ್ರಿ ಬ್ಯಾಟರಿ
ಹೌದು, ಕುಚೋಫುಕು ಅಂತ. ಸೋನಿಯಲ್ಲಿದ್ದ ಇಂಜಿನಿಯರ್ ಒಬ್ಬರು ಮಾಡಿದ್ದು, 2004ರಿಂದ ಅದಕ್ಕೇ ಒಂದು ಕಂಪನಿ ಇದೆ. ಸೊಂಟದ ಹಿಂದೆ ಎರಡು ಫ್ಯಾನ್ ಹೊರಗಿನ ಗಾಳಿ ಎಳೆದು ಬೆನ್ನಿನ ಮೇಲಿಂದ ಹಾಯಿಸಿ ಕಾಲರ್, ತೋಳಿನ ಬಾಯಿಂದ ಬಿಡುತ್ತವೆ. ಈಗ ಅದೇ ಮಾದರಿಯ ಹಲವು ಇಲ್ಲೂ ಸಿಗುತ್ತವೆ.

ಅಂಗಡಿಯಲ್ಲಿ ಎರಡೇ ಪರೀಕ್ಷೆ ಸಾಕು. ಬಟ್ಟೆಗೆ ಬಾಯಿ ಹಚ್ಚಿ ಊದಿ. ಗಾಳಿ ಸಲೀಸಾಗಿ ಆಚೆ ಹೋದರೆ ಬೇಡ, ನೇಯ್ಗೆ ಸಡಿಲ, ಗಾಳಿ ಫ್ಯಾನಿನ ಪಕ್ಕದಲ್ಲೇ ಸೋರಿ ಹೋಗುತ್ತದೆ. ಆಮೇಲೆ ಹಾಕಿಕೊಂಡು ಜಿಪ್ ಏರಿಸಿ, ಫ್ಯಾನ್ ಹಚ್ಚಿ, ತೆಳು ಟಿಶ್ಯೂ ಕಾಗದದ ಪಟ್ಟಿಯನ್ನು ಕತ್ತಿನ ಹಿಂದೆ ಕಾಲರ್ ಬಾಯಿಗೆ ಹಿಡಿಯಿರಿ. ಪಟ್ಟಿ ನೆಟ್ಟಗೆ ಮೇಲೆದ್ದು ಪಟಪಟ ಅನ್ನಬೇಕು. ಜೋತುಬಿದ್ದರೆ ಸೊಂಟದ ಇಲಾಸ್ಟಿಕ್ ಸಡಿಲ ಅಥವಾ ಜಾಕೆಟ್ ಬಿಗಿ. ಒಂದು ಅಳತೆ ದೊಡ್ಡದನ್ನೇ ತೆಗೆದುಕೊಳ್ಳಿ, ಮೈಗೂ ಬಟ್ಟೆಗೂ ನಡುವೆ ಗಾಳಿ ಓಡಾಡಬೇಕು.

ಡೊಂಬಿವಲಿ ಹೊಲಿಗೆ
2,500ಕ್ಕೆ ಒಳ್ಳೆಯದು ಸಿಗದಿದ್ದರೆ ಹೊಲಿಸಿ. ಕೊಡೆ ಬಟ್ಟೆ ಅಥವಾ ವಿಂಡ್‌ಚೀಟರ್ ಬಟ್ಟೆ, ತಿಳಿ ಬಣ್ಣ. ಸೊಂಟಕ್ಕೆ ಒಂದೂವರೆ ಇಂಚಿನ ಇಲಾಸ್ಟಿಕ್. ಸೊಂಟದಿಂದ 10 ಸೆಂಟಿಮೀಟರ್ ಮೇಲೆ, ಬೆನ್ನೆಲುಬಿನಿಂದ ಆಚೀಚೆ 10 ಸೆಂಟಿಮೀಟರ್ ಬಿಟ್ಟು ಎರಡು ತೂತು. ಒಳಗೊಂದು ಹೊರಗೊಂದು ಪ್ಲಾಸ್ಟಿಕ್ ಬಳೆ ಇಟ್ಟು ಬಟ್ಟೆಯನ್ನು ನಡುವೆ ಹಿಡಿಸಿ ಸ್ಕ್ರೂ ಹಾಕಬೇಕು. ಬರೀ ಹೊಲಿದರೆ ಫ್ಯಾನ್ ಅದುರಿ ಹೊಲಿಗೆ ಬಿಡುತ್ತದೆ. ಒಳಬದಿಗೆ ಜಾಲರಿ ಕಡ್ಡಾಯ, ಇಲ್ಲದಿದ್ದರೆ ಬನಿಯನ್ ಹೋಗಿ ರೆಕ್ಕೆಗೆ ಸಿಕ್ಕಿಕೊಳ್ಳುತ್ತದೆ.

ಪಿಂಪ್ರಿ ಬ್ಯಾಟರಿ
ಕಂಪ್ಯೂಟರಿನ 92 ಮಿಲಿಮೀಟರ್, 12 ವೋಲ್ಟ್ ಫ್ಯಾನ್ ನಡೆಯುತ್ತದೆ. 0.3 ಆಂಪಿಯರಿನದಾದರೆ ಎರಡಕ್ಕೆ ಸುಮಾರು 7 ವ್ಯಾಟ್. 20,000 ಎಂಎಎಚ್ ಪವರ್ ಬ್ಯಾಂಕ್ ಎಂದರೆ 3.7 ವೋಲ್ಟ್ ಲೆಕ್ಕದಲ್ಲಿ 74 ವ್ಯಾಟ್-ಅವರ್, ವೋಲ್ಟೇಜ್ ಏರಿಸುವಾಗ ಹೋಗುವುದು ಕಳೆದು 60 ಸಿಕ್ಕರೂ 8 ಗಂಟೆ. ಆದರೆ ಮಾಮೂಲಿ ಪವರ್ ಬ್ಯಾಂಕ್ 5 ವೋಲ್ಟನ್ನೇ ಕೊಡುತ್ತದೆ, ಫ್ಯಾನ್ ಸುತ್ತಿದರೂ ಗಾಳಿ ಬರುವುದಿಲ್ಲ. ಫಾಸ್ಟ್ ಚಾರ್ಜಿಂಗ್ ಇರುವ ಬ್ಯಾಂಕು ಮತ್ತು ಅದರಿಂದ 12 ವೋಲ್ಟ್ ಕೇಳಿ ಪಡೆಯುವ ಟ್ರಿಗರ್ ಕೇಬಲ್ ಬೇಕು. ಬ್ಯಾಂಕು 12 ವೋಲ್ಟ್ ಕೊಡುತ್ತದೆ ಎಂದು ಅದರ ಮೇಲೇ ಬರೆದಿರುತ್ತದೆ, ಓದಿ ಕೊಳ್ಳಿ.

ಬ್ಯಾಟರಿಯನ್ನು ಸ್ಕೂಟರಿನ ಡಿಕ್ಕಿಯಲ್ಲಿ ಬಿಸಿಲಿಗೆ ಬಿಡಬೇಡಿ. 45 ಡಿಗ್ರಿಗಿಂತ ಬಿಸಿಯಾಗಿರುವಾಗ ಚಾರ್ಜಿಗೆ ಹಾಕಬೇಡಿ. ಉಬ್ಬಿದ್ದನ್ನು ಅವತ್ತೇ ಬದಲಿಸಿ, ಮೈಮೇಲೆ ಕಟ್ಟಿಕೊಳ್ಳುವ ವಸ್ತು ಅದು.

ವಾಸ್ಕೋ ಬಂದರು
ಗೋವಾಕ್ಕೆ ಒಂದು ಸೇರಿಸಿ. ಉಪ್ಪುಗಾಳಿಗೆ ಫ್ಯಾನಿನ ಪಿನ್ನು ಬೇಗ ಹಸಿರು ಹಿಡಿಯುತ್ತದೆ. ಸಂಜೆ ಒಣ ಬಟ್ಟೆಯಲ್ಲಿ ಒರೆಸಿ, ವಾರಕ್ಕೊಮ್ಮೆ ಕನೆಕ್ಟರಿನ ಹೊರಗಿನ ಅಂಚಿಗೆ ಸ್ವಲ್ಪ ವ್ಯಾಸಲೀನ್ ಹಚ್ಚಿ. ಜಾಕೆಟ್ ಒಗೆಯುವ ಮೊದಲು ಫ್ಯಾನ್, ವೈರ್, ಬ್ಯಾಟರಿ ಮೂರೂ ತೆಗೆಯಬೇಕು ಅಂತ ಒಬ್ಬರನ್ನು ಹೊಣೆ ಮಾಡಿ. ಹನ್ನೆರಡು ಜನರ ತಂಡದಲ್ಲಿ ಯಾರಾದರೊಬ್ಬರು ಹಾಗೇ ಬಕೆಟ್ಟಿಗೆ ಹಾಕುತ್ತಾರೆ.

ತಳೋಜಾ ಸೇಫ್ಟಿ
ಗ್ರೈಂಡಿಂಗ್, ವೆಲ್ಡಿಂಗ್ ಹತ್ತಿರ ಪಾಲಿಯೆಸ್ಟರ್ ಫ್ಯಾನ್ ಜಾಕೆಟ್ ಬೇಡವೇ ಬೇಡ. ಫ್ಯಾನ್ ಕಿಡಿಯನ್ನು ಒಳಗೆ ಎಳೆಯುತ್ತದೆ, ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ರಸ್ತೆ ಕೆಲಸದ ಹೊಳೆಯುವ ಜಾಕೆಟ್ ಮೇಲಿಂದ ಹಾಕುವುದಾದರೆ ಜಾಲರಿಯದು ಹಾಕಿ, ಫ್ಯಾನಿನ ಬಾಯಿ ಮುಚ್ಚದ ಹಾಗೆ. ಬೆನ್ನಿಗೆ ಚೀಲವೂ ಬೇಡ.

ಹೆಲ್ಮೆಟ್ ವಿಷಯ: ಗಾಳಿಯಾಡಲಿ ಅಂತ ತೂತು ಕೊರೆಯುವವರಿದ್ದಾರೆ. ಐಎಸ್ 2925 (ಕೆಲಸದ ಹೆಲ್ಮೆಟ್ಟಿನ ಭಾರತೀಯ ಮಾನಕ) ಗುರುತಿನ ಹೆಲ್ಮೆಟ್ಟಿಗೆ ತೂತು ಮಾಡಿದ ಕ್ಷಣ ಆ ಗುರುತಿಗೆ ಬೆಲೆಯಿಲ್ಲ. ಒಳಗೆ ದಪ್ಪ ಒದ್ದೆ ಬಟ್ಟೆ ತುರುಕುವುದೂ ತಪ್ಪು, ತಲೆಗೂ ಚಿಪ್ಪಿಗೂ ನಡುವಿನ ಅಂತರವೇ ಪೆಟ್ಟು ತಡೆಯುವುದು. ತೆಳು ಒಂದೇ ಪದರದ ಬಟ್ಟೆ, ಹಿಂದೆ ಕುತ್ತಿಗೆ ಮುಚ್ಚುವ ಸೆರಗು, ಬಿಳಿ ಹೆಲ್ಮೆಟ್. ಅಷ್ಟು ಸಾಕು.

ಪೊಂಡಾ ಪಯಣಿಗ
ಕುತ್ತಿಗೆಗೆ ತಣ್ಣನೆ ತಗಡು ತಾಗುವ ಪೆಲ್ಟಿಯರ್ ಸಾಧನ ಹೇಗೆ, ಕರೆಂಟು ಹರಿದರೆ ಒಂದು ಬದಿ ತಣ್ಣಗೆ, ಹಿಂಬದಿ ಬಿಸಿ ಆಗುತ್ತದಲ್ಲ, ಅದು? ಸೋನಿಯದೂ ಒಂದಿದೆಯಲ್ಲ, 2020ರಲ್ಲಿ ಜಪಾನಿನಲ್ಲಿ ಬಿಟ್ಟದ್ದು.

ಥರ್ಮಾಮೀಟರ್
ಹಿತವಾಗಿರುತ್ತದೆ, ನಿಜ. ಕುತ್ತಿಗೆಯ ಚರ್ಮಕ್ಕೆ ತಂಪು ಬೇಗ ಗೊತ್ತಾಗುತ್ತದೆ. ಆದರೆ ಲೆಕ್ಕ ನೋಡಿ. ನಡೆದಾಡಿ ಕೆಲಸ ಮಾಡುವವನ ಮೈ ಸುಮಾರು 300 ವ್ಯಾಟ್ ಶಾಖ ಹುಟ್ಟಿಸುತ್ತದೆ. 5 ವ್ಯಾಟ್ ತಿನ್ನುವ ಪೆಲ್ಟಿಯರ್ ಚರ್ಮದಿಂದ ಎತ್ತುವುದು ಎರಡು ಮೂರು ವ್ಯಾಟ್, ಅದನ್ನೂ ತಾನು ತಿಂದ 5ನ್ನೂ ಸೇರಿಸಿ ಹಿಂಬದಿಯಿಂದ ಬಿಡುತ್ತದೆ. ಹಿಂಬದಿಗೆ ಕಾಲರ್ ಅಥವಾ ಕೂದಲು ಅಡ್ಡ ಬಂದರೆ ಹತ್ತು ನಿಮಿಷದಲ್ಲಿ ತಣ್ಣನೆ ತಗಡೂ ಬೆಚ್ಚಗೆ. ರೈಲಿಗೆ ಕಾಯುವವರಿಗೆ ಸರಿ, ದಿನವಿಡೀ ಬಿಸಿಲಲ್ಲಿ ನಿಲ್ಲುವವರಿಗೆ ಅಲ್ಲ.

ಮಾಟುಂಗಾದವ
ಮುಂಬೈಯಲ್ಲಿ ಆ ತಗಡಿನಿಂದ ನೀರೂ ತೊಟ್ಟಿಕ್ಕುತ್ತದೆ.

ಥರ್ಮಾಮೀಟರ್
ಹೌದು, ಅದು ಇಬ್ಬನಿ ಬಿಂದುವಿನ ಮಾತು. 33 ಡಿಗ್ರಿ, ಶೇ. 70 ತೇವಾಂಶದಲ್ಲಿ ಸುಮಾರು 27 ಡಿಗ್ರಿಗಿಂತ ತಣ್ಣಗಿರುವ ಎಲ್ಲದರ ಮೇಲೂ ನೀರು ಕೂರುತ್ತದೆ. ಐಸ್ ಜಾಕೆಟ್ ಕೊಳ್ಳುವವರು ಇದನ್ನು ನೆನಪಿಡಿ.

ವಾಸ್ಕೋ ಬಂದರು
ಐಸಿನ ಲೆಕ್ಕವನ್ನೂ ಹಾಕಿಬಿಡೋಣ. ಒಂದು ಕಿಲೋ ಐಸ್ ಕರಗಲು 334 ಕಿಲೋಜೂಲ್, ಅಂದರೆ 93 ವ್ಯಾಟ್-ಅವರ್. ಜಾಕೆಟ್ಟಿನಲ್ಲಿ ಒಂದೂವರೆ ಕಿಲೋ ಇದ್ದರೆ 140. ಅದರಲ್ಲಿ ಒಂದು ಪಾಲನ್ನು ಹೊರಗಿನ ಬಿಸಿಯೇ ತಿನ್ನುತ್ತದೆ. ಒಂದು ಗಂಟೆ ಚೆನ್ನಾಗಿರುತ್ತದೆ, ಆಮೇಲೆ ಒಂದೂವರೆ ಲೀಟರ್ ನೀರು ಹೊತ್ತು ನಡೆದ ಹಾಗೆ. ಬರಿಮೈಗೆ ಐಸ್ ತಾಗಬಾರದು, ಹತ್ತಿ ಅಂಗಿ ನಡುವೆ ಇರಲೇಬೇಕು. ನೀರಿಗೆ ಉಪ್ಪು ಬೆರೆಸಿ ಇನ್ನೂ ತಣ್ಣಗೆ ಮಾಡಬೇಡಿ, ಸೊನ್ನೆಯ ಕೆಳಗೆ ಹೋಗಿ ಚರ್ಮ ಸುಡುತ್ತದೆ. ಪ್ಯಾಕೆಟ್ ಪೂರ್ತಿ ತುಂಬಬೇಡಿ, ಹೆಪ್ಪುಗಟ್ಟುವಾಗ ನೀರು ಶೇ. 9ರಷ್ಟು ಹಿಗ್ಗುತ್ತದೆ. ಚಪ್ಪಟೆಯಾಗಿ ತಟ್ಟೆಯಲ್ಲಿಟ್ಟು ಫ್ರೀಜ್ ಮಾಡಿ, ಉಂಡೆ ಉಂಡೆಯಾದರೆ ಬೆನ್ನಿಗೆ ಚುಚ್ಚುತ್ತದೆ.

ಪಿಂಪ್ರಿ ಬ್ಯಾಟರಿ
ಐಸಿನ ಬದಲು 28 ಡಿಗ್ರಿಗೆ ಕರಗುವ ಮೇಣದ ಪ್ಯಾಕ್ ಸಿಗುತ್ತವೆ. 28 ಎಂದರೆ ಇಬ್ಬನಿ ಬಿಂದುವಿನ ಮೇಲೆ, ಹಾಗಾಗಿ ಹೊರಗೆ ನೀರು ಕೂರುವುದಿಲ್ಲ. ಚರ್ಮ ಮರಗಟ್ಟುವುದಿಲ್ಲ, ಎರಡು ಗಂಟೆ ಹತ್ತಿರ ಬರುತ್ತದೆ. ಆದರೆ ಚರ್ಮಕ್ಕೂ ಅದಕ್ಕೂ 6–7 ಡಿಗ್ರಿಯಷ್ಟೇ ಅಂತರ, ಐಸಿನ ಜೋರು ಇಲ್ಲ.

ಇದರಲ್ಲಿ ಜನ ಎಡವುವುದು ಮತ್ತೆ ಗಟ್ಟಿ ಮಾಡುವಾಗ. ತಾರಸಿ ಟ್ಯಾಂಕಿನ ನೀರಲ್ಲಿ ಮುಳುಗಿಸಿ ಇಡುತ್ತಾರೆ. ಮೇ ತಿಂಗಳಲ್ಲಿ ಆ ನೀರೇ 28ಕ್ಕಿಂತ ಬಿಸಿ, ಎಷ್ಟು ಹೊತ್ತಾದರೂ ಗಟ್ಟಿಯಾಗದು. ಐಸ್ ಹಾಕಿದ ನೀರಲ್ಲಿ ಅರ್ಧ ಗಂಟೆ ಇಡಿ. ಸಾಗಿಸುವಾಗ ಥರ್ಮೋಕೋಲ್ ಡಬ್ಬಿ ಬೇಕು, ಚೀಲದಲ್ಲಿಟ್ಟರೆ ಹಾಕಿಕೊಳ್ಳುವ ಮೊದಲೇ ಕರಗಿರುತ್ತದೆ. ತಲೆಗೆ ಎರಡು ಜೊತೆ ಇದ್ದರೆ ಮಾತ್ರ ದಿನ ಸಾಗುತ್ತದೆ.

ಡೊಂಬಿವಲಿ ಹೊಲಿಗೆ
ಪುಣೆಗೆ ಅಗ್ಗದ್ದು: ಹರಳು ತುಂಬಿದ ಕುತ್ತಿಗೆ ಪಟ್ಟಿ. ನರ್ಸರಿಯಲ್ಲಿ ಕುಂಡಕ್ಕೆ ಹಾಕಲು ಹೈಡ್ರೋಜೆಲ್ ಹರಳು ಕೊಡುತ್ತಾರೆ, ದಪ್ಪ ಹರಳೇ ಕೇಳಿ. ಡೈಪರಿನ ಪುಡಿ ನುಣ್ಣಗಿರುತ್ತದೆ, ಬಟ್ಟೆಯಿಂದ ಲೋಳೆಯಾಗಿ ಹೊರಬರುತ್ತದೆ. ಒಂದು ಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಹತ್ತಿ ಬಟ್ಟೆಯನ್ನು ಕೊಳವೆಯಾಗಿ ಹೊಲಿದು ನಡುವಿನ 40 ಸೆಂಟಿಮೀಟರನ್ನು ನಾಲ್ಕು ಖಾನೆ ಮಾಡಿ. ಖಾನೆಗೆ ಕಾಲು ಟೀ ಚಮಚ ಹರಳು, ಸಾಕು. ನೋಡಲು ಏನೂ ಇಲ್ಲ ಅನಿಸುತ್ತದೆ. ಆಸೆಗೆ ಅರ್ಧ ಚಮಚ ಹಾಕಿದರೆ ಉಬ್ಬಿ ಹೊಲಿಗೆ ಸೀಳುತ್ತದೆ. ಅರ್ಧ ಗಂಟೆ ನೀರಲ್ಲಿಟ್ಟು ನಡುನಡುವೆ ಕೈಯಲ್ಲಿ ಹರಡಿ.

ವಿಜಯಪುರದ ವಲ್ಲಿ
ಬೋರ್ ನೀರಾಗ ಸರಿ ಉಬ್ಬಂಗಿಲ್ರೀ ಅದು.

ಥರ್ಮಾಮೀಟರ್
ಸರಿಯಾಗಿ ಹೇಳಿದಿರಿ. ಗಡಸು ನೀರಿನ ಕ್ಯಾಲ್ಸಿಯಂ ಆ ಜೆಲ್ಲಿನ ಎಳೆಗಳನ್ನು ಒಂದಕ್ಕೊಂದು ಬಿಗಿದುಬಿಡುತ್ತದೆ, ಆಮೇಲೆ ಒಳ್ಳೆ ನೀರು ಕೊಟ್ಟರೂ ಮೊದಲಿನಷ್ಟು ಹಿಗ್ಗುವುದಿಲ್ಲ. ಪುಣೆಯ ಹೊರವಲಯದ ಟ್ಯಾಂಕರ್ ನೀರು ಹಲವೆಡೆ ಬೋರಿನದೇ. ಮೊದಲ ನೆನೆಗೆ ಆರ್‌ಒ ನೀರು ಅಥವಾ ನಲ್ಲಿಯ ಸಿಹಿನೀರು ಬಳಸಿ. ಬೆವರಿನ ಉಪ್ಪೂ ಹಿಗ್ಗುವುದನ್ನು ಕುಗ್ಗಿಸುತ್ತದೆ, ಅದು ಮಾತ್ರ ಎರಡು ಸಲ ಸಿಹಿನೀರು ಬದಲಿಸಿ ನೆನೆಸಿದರೆ ಸರಿಹೋಗುತ್ತದೆ. ಮಳೆಗಾಲಕ್ಕೆ ಮೊದಲು ಪೂರ್ತಿ ಒಣಗಿಸಿ ಇಡಿ. ಮೂರು ನಾಲ್ಕು ದಿನ ಬೇಕು, ಒದ್ದೆಯಾಗಿ ಪ್ಲಾಸ್ಟಿಕ್ ಚೀಲ ಸೇರಿದರೆ ಬೂಷ್ಟು ಹಿಡಿಯುವುದು ಖಂಡಿತ.

ಪೊಂಡಾ ಪಯಣಿಗ
ಇಷ್ಟೆಲ್ಲ ಯಾಕೆ, ದಿನಕ್ಕೆ ಮೂರು ಲೋಟ ಪುನರ್ಪುಳಿ ಪಾನಕ ಕುಡಿದರೆ ಮೈ ತಂಪು.

ವಾಸ್ಕೋ ಬಂದರು
ನಮ್ಮ ಕಾರವಾರ ಕಡೆ ಅದು ಮುರುಗಲು, ಇಲ್ಲಿ ಗೋವಾದಲ್ಲಿ ಬಿರಿಂಡ. ಕುಡಿಯಿರಿ, ಒಳ್ಳೆಯದೇ. ಆದರೆ ಬೆವರಲ್ಲಿ ಹೋದದ್ದು ನೀರು ಮತ್ತು ಉಪ್ಪು, ಸಕ್ಕರೆ ಪಾಕ ಅಲ್ಲ. ಉಪ್ಪು ಹಾಕಿದ ನೀರು ಮಜ್ಜಿಗೆ ಅದಕ್ಕಿಂತ ಮೇಲು.

ತಳೋಜಾ ಸೇಫ್ಟಿ
ಕುಡಿಯುವುದನ್ನು ಜಾಕೆಟ್ ಕಡಿಮೆ ಮಾಡುವುದಿಲ್ಲ, ಇದನ್ನು ಹನ್ನೆರಡೂ ಜನಕ್ಕೆ ಹೇಳಿ. ಫ್ಯಾನ್ ಹಾಕಿದವನಿಗೆ ಅಂಗಿ ಒಣಗಿಯೇ ಇರುತ್ತದೆ, ಬೆವರಿಲ್ಲ ಅಂದುಕೊಂಡು ಕುಡಿಯುವುದನ್ನು ಬಿಡುತ್ತಾನೆ. ಬೆವರು ಅಷ್ಟೇ ಹೋಗಿರುತ್ತದೆ, ಕಾಣುವುದಿಲ್ಲ ಅಷ್ಟೆ. 15–20 ನಿಮಿಷಕ್ಕೊಮ್ಮೆ ಒಂದು ಲೋಟ, ಸುಮಾರು 200–250 ಮಿಲಿಲೀಟರ್. ಓಆರ್‌ಎಸ್ ಕಲಸುವುದಾದರೆ ದೊಡ್ಡ ಪ್ಯಾಕೆಟ್ಟಿಗೆ ಸರಿಯಾಗಿ ಒಂದು ಲೀಟರ್, ಅರ್ಧ ಲೀಟರಿಗೆ ಹಾಕಿದರೆ ಉಪ್ಪು ಜಾಸ್ತಿ.

ಊರಿಗೆ ಜಾತ್ರೆಗೆ ಹೋಗಿ ಬಂದವರನ್ನು, ಹೊಸದಾಗಿ ಸೇರಿದವರನ್ನು ಮೊದಲ ದಿನವೇ ಪೂರ್ತಿ ದುಡಿಸಬೇಡಿ. ಹೊಸಬರಿಗೆ ಮೊದಲ ದಿನ ಐದರಲ್ಲಿ ಒಂದು ಪಾಲು, ದಿನಕ್ಕೆ ಒಂದೊಂದು ಪಾಲು ಏರಿಸಿ. ಮೈ ಬಿಸಿಲಿಗೆ ಹೊಂದಲು ದಿನಗಳು ಬೇಕು, ಯಾವ ಜಾಕೆಟ್ಟೂ ಅದನ್ನು ಒಂದೇ ದಿನಕ್ಕೆ ಮಾಡಿಕೊಡುವುದಿಲ್ಲ.

ಯಾರಾದರೂ ತೊದಲಿದರೆ, ಸಂಬಂಧವಿಲ್ಲದ ಮಾತಾಡಿದರೆ, ತೂರಾಡಿದರೆ ಅದು ಸುಸ್ತಲ್ಲ. 108ಕ್ಕೆ ಫೋನ್ ಮಾಡಿ, ಬರುವವರೆಗೆ ಕಾಯದೆ ನೆರಳಿಗೆ ಒಯ್ದು ಜಾಕೆಟ್, ಬೂಟು ಬಿಚ್ಚಿ ಮೈಗೆಲ್ಲ ನೀರು ಸುರಿದು ಗಾಳಿ ಬೀಸಿ, ಕಂಕುಳಿಗೆ, ಕುತ್ತಿಗೆಗೆ, ತೊಡೆಸಂದಿಗೆ ಐಸ್ ಇಡಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಹಡಪ್ಸರ್ ಸರ್ವೇ
ಎಲ್ಲರಿಗೂ ಧನ್ಯವಾದ. ಹೀಗೆ ಮಾಡುತ್ತೇನೆ: ಪುಣೆಗೆ ನೆನೆಸುವ ಜಾಕೆಟ್ ಬೇಡ, ತೆಳು ವಲ್ಲಿ ಮತ್ತು ಕುತ್ತಿಗೆ ಪಟ್ಟಿ. ಉಳಿದ ಹಣಕ್ಕೆ ಹನ್ನೆರಡು ಫ್ಯಾನ್ ಜಾಕೆಟ್ ಹೊಲಿಸಿ ಮೂರೂ ಊರಿಗೆ, ಪುಣೆಯಲ್ಲಿ ಒಳಗೆ ಒದ್ದೆ ಬನಿಯನ್. ವಡಾಳಾದಲ್ಲಿ ಊಟದ ಹೊತ್ತಿಗೆ ಐಸ್ ಪ್ಯಾಕ್ ಡಬ್ಬಿ. ವೆರ್ಣಾಕ್ಕೆ ಬೇರೇನಾದರೂ?

ವಾಸ್ಕೋ ಬಂದರು
ಅಷ್ಟೇ ಸಾಕು. ಅಳತೆ ಉಪಕರಣದ ಹತ್ತಿರ ನಿಲ್ಲುವವನಿಗೆ ದೊಡ್ಡ ಕೊಡೆ ಒಂದು ಕೊಡಿ. ನೆರಳಿನಷ್ಟು ಕೆಲಸ ಯಾವುದೂ ಮಾಡುವುದಿಲ್ಲ, ಅದೂ ಬ್ಯಾಟರಿ ಇಲ್ಲದೆ.

ಡೊಂಬಿವಲಿ ಹೊಲಿಗೆ
ಹೊಲಿಸುವ ಮೊದಲು ಒಂದೇ ಒಂದು ಮಾದರಿ ಮಾಡಿಸಿ, ತಂಡದಲ್ಲಿ ಎಲ್ಲರಿಗಿಂತ ದಪ್ಪ ಇರುವವರಿಗೆ ಹಾಕಿ ಟಿಶ್ಯೂ ಪಟ್ಟಿ ಹಿಡಿದು ನೋಡಿ. ಆಮೇಲೆ ಉಳಿದ ಹನ್ನೊಂದಕ್ಕೆ ಬಟ್ಟೆ ಕತ್ತರಿಸಿ.